ಥೇಮ್ಸ್ ನದಿಗೆ ದಂಡೆ ಕಟ್ಟಿದ ಜೋಸೆಫ್ ಬ್ಯಾಜಲ್‌ಜೆಟ್

ಲಂಡನ್ ನಗರಕ್ಕೆ ಹೋದವರು ಥೇಮ್ಸ್ ನದಿಯ ದಂಡೆಯ ಮೇಲೆ ನಾಲ್ಕು ಹೆಜ್ಜೆ ಹಾಕದೆ ಹಿಂದಿರುಗುವುದು ವಿರಳ. ವೆಸ್ಟ್‌ಮಿನ್‌ಸ್ಟರ್‌ನ ಸಂಸತ್ ಭವನದಿಂದ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯವರೆಗೆ ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ ಸಾಗುವ ಗ್ರಾನೈಟ್ ಗೋಡೆ, ಅದರ ಮೇಲೆ ಮೀನುಗಳು ಸುತ್ತಿ ನಿಂತಂತಿರುವ ದೀಪಸ್ತಂಭಗಳು, ನದಿಯ ಕಡೆಗೆ ಬಾಯಲ್ಲಿ ಬಳೆ ಕಚ್ಚಿಕೊಂಡ ಕಂಚಿನ ಸಿಂಹಮುಖಗಳು, ಪಕ್ಕದಲ್ಲಿ ಸಾಲುಮರಗಳ ನೆರಳಿನ ಅಗಲವಾದ ರಸ್ತೆ. ಇವೆಲ್ಲವೂ ನಗರದಷ್ಟೇ ಹಳೆಯವೆಂದು ನೋಡುವವರಿಗೆ ಅನ್ನಿಸುತ್ತದೆ. ಆದರೆ ಈ ರಸ್ತೆ ಹಾಯುವ ನೆಲ 1864ಕ್ಕೆ ಮೊದಲು ನೆಲವೇ ಆಗಿರಲಿಲ್ಲ. ಇಳಿತದ ಹೊತ್ತಿನಲ್ಲಿ ಕೊಳೆತ ಕೆಸರಾಗಿ ತೋರುತ್ತ, ಉಬ್ಬರದ ಹೊತ್ತಿನಲ್ಲಿ ನೀರಿನಡಿ ಮರೆಯಾಗುತ್ತಿದ್ದ ನದಿಯ ಅಂಚು ಅದು.

ಆ ಕೆಸರನ್ನು ರಾಜಮಾರ್ಗವಾಗಿಸಿದವರು ಸರ್ ಜೋಸೆಫ್ ವಿಲಿಯಂ ಬ್ಯಾಜಲ್‌ಜೆಟ್. ಲಂಡನ್ನಿನ ಮೂರು ನದೀದಂಡೆಗಳು ಮತ್ತು ಮೂರು ಸೇತುವೆಗಳು ಅವರ ಕೈಯಿಂದ ರೂಪುಗೊಂಡವು. ಆದರೆ ಅವರ ಜೀವಮಾನದ ಅತಿದೊಡ್ಡ ಸಾಧನೆ ಇವ್ಯಾವುವೂ ಅಲ್ಲ; ಅದು ಈ ದಂಡೆಗಳ ಒಡಲಲ್ಲಿ, ಯಾರ ಕಣ್ಣಿಗೂ ಬೀಳದಂತೆ ಹುದುಗಿದೆ. ಆ ಸಾಧನೆಯಿಂದ ನಗರ ಬದುಕಿಕೊಂಡಿತು. ಅದರ ಬೆಲೆಯನ್ನು ಮಾತ್ರ ನದಿಯ ಕೆಳಹರಿವಿನಲ್ಲಿದ್ದವರು ತೆರಬೇಕಾಯಿತು.

ದರ್ಜಿಯ ಮೊಮ್ಮಗ

ಬ್ಯಾಜಲ್‌ಜೆಟ್ ಹುಟ್ಟಿದ್ದು 1819ರ ಮಾರ್ಚ್ 28ರಂದು, ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ. ಮನೆತನದ ಮೂಲ ಫ್ರಾನ್ಸ್ ದೇಶದ್ದು. ಅಜ್ಜ ಜಾನ್ ಲೂಯಿ ಬ್ಯಾಜಲ್‌ಜೆಟ್ ವಲಸೆ ಬಂದು, ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದ ಯುವರಾಜನಿಗೆ ಬಟ್ಟೆ ಹೊಲಿದುಕೊಟ್ಟು ಶ್ರೀಮಂತರಾದ ದರ್ಜಿ. ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿ, ಯುದ್ಧದಲ್ಲಿ ಗಾಯಗೊಂಡವರು. ಮಗ ಕುಳ್ಳಗೆ, ಸಣಕಲಾಗಿದ್ದರು. ಉಬ್ಬಸದ ಕಾಟವೂ ಇತ್ತು. ಅವರು ಆರಿಸಿಕೊಂಡದ್ದು ಎಂಜಿನಿಯರಿಂಗ್ ವೃತ್ತಿಯನ್ನು.

ಆ ಕಾಲದ ಪದ್ಧತಿಯಂತೆ ಹೆಸರಾಂತ ಎಂಜಿನಿಯರ್ ಸರ್ ಜಾನ್ ಮ್ಯಾಕ್‌ನೀಲ್ ಅವರ ಕೈಕೆಳಗೆ ಅಭ್ಯಾಸಿಯಾಗಿ ಸೇರಿದ ಬ್ಯಾಜಲ್‌ಜೆಟ್, ಐರ್ಲೆಂಡಿನಲ್ಲಿ ಜೌಗುನೆಲದ ನೀರು ಬಸಿಯುವ ಹಾಗೂ ಕಡಲಂಚಿನ ನೆಲವನ್ನು ಒಣಗಿಸಿ ಬಳಕೆಗೆ ತರುವ ಕೆಲಸ ಕಲಿತರು. ನೀರನ್ನು ಹಿಂದೆ ಸರಿಸಿ ನೆಲ ಪಡೆಯುವ ಆ ವಿದ್ಯೆಯೇ ಮುಂದೆ ಅವರ ಕೈ ಹಿಡಿಯಿತು. 1842ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸ್ವಂತ ಕಚೇರಿ ತೆರೆದರು. ದೇಶಕ್ಕೆ ದೇಶವೇ ರೈಲುಮಾರ್ಗಗಳ ಹುಚ್ಚು ಹಿಡಿಸಿಕೊಂಡಿದ್ದ ದಿನಗಳವು. ಹಗಲಿರುಳು ದುಡಿದ ಫಲವಾಗಿ 1847ರ ಹೊತ್ತಿಗೆ ಬ್ಯಾಜಲ್‌ಜೆಟ್ ಅವರ ಆರೋಗ್ಯ ಸಂಪೂರ್ಣ ಕುಸಿಯಿತು. ಕೆಲಸ ಬಿಟ್ಟು ಹಳ್ಳಿಗಾಡಿನಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. ಚೇತರಿಸಿಕೊಂಡು 1849ರಲ್ಲಿ ಲಂಡನ್ನಿನ ಒಳಚರಂಡಿ ಆಯೋಗದಲ್ಲಿ ಸಹಾಯಕ ಸರ್ವೇಯರ್ ಹುದ್ದೆಗೆ ಸೇರಿದರು. ಮೂರು ವರ್ಷಗಳ ನಂತರ ಮುಖ್ಯ ಎಂಜಿನಿಯರ್ ಫ್ರಾಂಕ್ ಫಾರ್‌ಸ್ಟರ್ ತೀರಿಕೊಂಡಾಗ ಆ ಹೊಣೆ ಬ್ಯಾಜಲ್‌ಜೆಟ್ ಅವರ ಹೆಗಲೇರಿತು. ಆಗ ಅವರಿಗೆ 33 ವರ್ಷ.

ನಾರಿದ ನದಿ

ಅಂದಿನ ಲಂಡನ್ ಜಗತ್ತಿನ ಅತಿದೊಡ್ಡ ನಗರ. ಜನಸಂಖ್ಯೆ 20 ಲಕ್ಷ ದಾಟಿತ್ತು. ಹಿಂದೆ ಮನೆಗಳ ಮಲವು ಮನೆಯಡಿಯ ಗುಂಡಿಗಳಲ್ಲಿ ಶೇಖರಗೊಂಡು, ಗಾಡಿಗಳಲ್ಲಿ ಹೊಲಗಳಿಗೆ ಗೊಬ್ಬರವಾಗಿ ಸಾಗುತ್ತಿತ್ತು. ನಗರ ಬೆಳೆದಂತೆ ಹೊಲಗಳು ದೂರವಾದವು, ಗುಂಡಿಗಳು ಉಕ್ಕಿ ಹರಿದವು. ನೀರು ಹಾಯಿಸುವ ಹೊಸ ಶೌಚಾಲಯಗಳು ಬಂದ ಮೇಲಂತೂ ಪರಿಸ್ಥಿತಿ ಕೈಮೀರಿತು. ಗುಂಡಿಗಳನ್ನು ಮುಚ್ಚಿ, ಮನೆಗಳ ಕೊಳವೆಗಳನ್ನು ಬೀದಿಯ ಚರಂಡಿಗೆ ಜೋಡಿಸಬೇಕೆಂದು ಆಯೋಗ ಆಜ್ಞೆ ಮಾಡಿತು. ಮಳೆನೀರಿಗೆಂದು ಕಟ್ಟಿದ್ದ ಆ ಚರಂಡಿಗಳು ನೇರವಾಗಿ ಥೇಮ್ಸ್ ನದಿಗೆ ಸುರಿಯುತ್ತಿದ್ದವು. ಮನೆಗಳು ಶುಚಿಯಾದವು, ನದಿ ಕೊಳಚೆಯಾಯಿತು. ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು.

ಫಲಿತಾಂಶ ಕಾಲರಾ. 1848-49ರ ಪಿಡುಗಿನಲ್ಲಿ ಲಂಡನ್ನಿನಲ್ಲಿ 14,000ಕ್ಕೂ ಹೆಚ್ಚು, 1853-54ರಲ್ಲಿ 10,000ಕ್ಕೂ ಹೆಚ್ಚು ಮಂದಿ ಸತ್ತರು. ರೋಗ ಹರಡುವುದು ದುರ್ವಾಸನೆಯ ಗಾಳಿಯಿಂದ ಎಂಬುದು ಅಂದಿನ ಬಹುತೇಕ ವೈದ್ಯರ ನಂಬಿಕೆ. ಡಾ. ಜಾನ್ ಸ್ನೋ ಅವರು 1854ರಲ್ಲಿ ಬ್ರಾಡ್ ಸ್ಟ್ರೀಟ್‌ನ ಪಂಪಿನ ಸುತ್ತಲ ಸಾವುಗಳನ್ನು ನಕ್ಷೆಯಲ್ಲಿ ಗುರುತಿಸಿ, ರೋಗದ ಮೂಲ ಕುಡಿಯುವ ನೀರಿನಲ್ಲಿದೆ ಎಂದು ತೋರಿಸಿಕೊಟ್ಟರೂ ಅದನ್ನು ಒಪ್ಪಿದವರು ಕೆಲವೇ ಮಂದಿ. ಬ್ಯಾಜಲ್‌ಜೆಟ್ ಸಹ ದುರ್ವಾಸನೆಯ ಸಿದ್ಧಾಂತವನ್ನೇ ನಂಬಿದ್ದರು. ವಾಸನೆಯನ್ನು ಹೊರಹಾಕಲು ಹೊರಟವರು ಕಾಲರಾವನ್ನೇ ಹೊರಹಾಕಿದ್ದು ಚರಿತ್ರೆಯ ಒಂದು ವಿಚಿತ್ರ. ಕಾರಣ ತಪ್ಪಾಗಿತ್ತು, ಕೆಲಸ ಸರಿಯಾಗಿತ್ತು.

1856ರಲ್ಲಿ ಮೆಟ್ರೋಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ ಎಂಬ ಹೊಸ ಮಂಡಳಿ ಅಸ್ತಿತ್ವಕ್ಕೆ ಬಂದಾಗ ಬ್ಯಾಜಲ್‌ಜೆಟ್ ಅದರ ಮುಖ್ಯ ಎಂಜಿನಿಯರ್ ಆದರು. ಇಸಾಂಬಾರ್ಡ್ ಬ್ರೂನೆಲ್, ರಾಬರ್ಟ್ ಸ್ಟೀಫನ್‌ಸನ್ ಅವರಂಥ ದಿಗ್ಗಜರ ಬೆಂಬಲ ಅವರಿಗಿತ್ತು. ಅದೇ ವರ್ಷ ಯೋಜನೆಯೂ ಸಿದ್ಧವಾಯಿತು. ಆದರೆ ಯೋಜನೆಯನ್ನು ತಡೆಹಿಡಿಯುವ ಅಧಿಕಾರ ಸರ್ಕಾರದ ಕೈಯಲ್ಲಿತ್ತು. ಕೊಳಚೆಯನ್ನು ಎಷ್ಟು ದೂರ ಒಯ್ದು ಬಿಡಬೇಕು, ಖರ್ಚನ್ನು ಯಾರು ಹೊರಬೇಕು ಎಂಬ ಜಗ್ಗಾಟದಲ್ಲಿ ಎರಡು ವರ್ಷ ಕಳೆದವು.

ಬಿಕ್ಕಟ್ಟು ಬಿಡಿಸಿದ್ದು ಬಿಸಿಲು. 1858ರ ಬೇಸಿಗೆಯ ಉರಿಗೆ ನದಿ ಹುದುಗಿ ನಾರತೊಡಗಿತು. ಇತಿಹಾಸದಲ್ಲಿ ಮಹಾದುರ್ಗಂಧವೆಂದೇ ಹೆಸರಾದ ಆ ವಾಸನೆ ನದಿಯ ಅಂಚಿನಲ್ಲೇ ಇದ್ದ ಸಂಸತ್ ಭವನವನ್ನೂ ಬಿಡಲಿಲ್ಲ. ಸುಣ್ಣದ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ತೂಗುಹಾಕಿದರೂ ಸದಸ್ಯರು ಮೂಗು ಮುಚ್ಚಿಕೊಂಡು ಓಡಬೇಕಾಯಿತು. ಬಡವರ ಕೇರಿಗಳಲ್ಲಿ ಸಾವಿರಾರು ಜನ ಸತ್ತಾಗ ಕದಲದ ಕಡತ, ವಾಸನೆ ಶಾಸಕರ ಮೂಗಿಗೆ ಬಡಿದಾಗ ಓಡತೊಡಗಿತು. ಹಣಕಾಸು ಸಚಿವ ಬೆಂಜಮಿನ್ ಡಿಸ್ರೇಲಿ ಮಂಡಿಸಿದ ಮಸೂದೆ 18 ದಿನಗಳಲ್ಲಿ ಅಂಗೀಕಾರವಾಗಿ, ಆಗಸ್ಟ್ 2ರಂದು ಕಾನೂನಾಯಿತು. 30 ಲಕ್ಷ ಪೌಂಡ್ ಸಾಲ ಎತ್ತಲು ಮಂಡಳಿಗೆ ಅನುಮತಿ ದೊರೆಯಿತು.

ನೆಲದಡಿಯ ಕಟ್ಟೋಣ

ಬ್ಯಾಜಲ್‌ಜೆಟ್ ಅವರ ಯೋಜನೆಯ ತಿರುಳು ಸರಳವಾದುದು. ಹಳೆಯ ಚರಂಡಿಗಳೆಲ್ಲ ಉತ್ತರ ಮತ್ತು ದಕ್ಷಿಣ ದಿಕ್ಕುಗಳಿಂದ ನದಿಯತ್ತ ಇಳಿಯುತ್ತಿದ್ದವು. ಅವು ನದಿ ಸೇರುವ ಮೊದಲೇ ಅಡ್ಡಹಾಯುವಂತೆ, ನದಿಗೆ ಸಮಾನಾಂತರವಾಗಿ ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಸುರಂಗಗಳನ್ನು ಕಟ್ಟುವುದು. ಅವುಗಳ ಮೂಲಕ ಕೊಳಚೆಯನ್ನು ನಗರದಾಚೆ, ಉತ್ತರದಂಡೆಯಲ್ಲಿ ಬೆಕ್‌ಟನ್‌ಗೆ, ದಕ್ಷಿಣದಂಡೆಯಲ್ಲಿ ಕ್ರಾಸ್‌ನೆಸ್‌ಗೆ ಒಯ್ಯುವುದು. ಅಲ್ಲಿ ಸಂಗ್ರಹಿಸಿಟ್ಟು, ಇಳಿತ ಆರಂಭವಾದಾಗ ಸಮುದ್ರದ ಕಡೆಗೆ ಹರಿಯಬಿಡುವುದು. ಸುರಂಗಗಳಿಗೆ ಮೈಲಿಗೆ ಎರಡು ಅಡಿಯಷ್ಟು ಇಳಿಜಾರು ಕೊಟ್ಟು, ಕೊಳಚೆ ತನ್ನ ಭಾರದಿಂದಲೇ ಸಾಗುವಂತೆ ಮಾಡಲಾಯಿತು. ತಗ್ಗುಪ್ರದೇಶಗಳಲ್ಲಿ ಮಾತ್ರ ಉಗಿಯಂತ್ರಗಳು ಅದನ್ನು ಮೇಲೆತ್ತಬೇಕಿತ್ತು.

ಹೀಗೆ ತಯಾರಾದ ಮುಖ್ಯ ಸುರಂಗಗಳ ಉದ್ದ 82 ಮೈಲಿ, ಅಂದರೆ ಸುಮಾರು 132 ಕಿಲೋಮೀಟರ್. ಅವುಗಳಿಗೆ ಕೂಡಿಕೊಂಡ ಬೀದಿ ಚರಂಡಿಗಳು 1,100 ಮೈಲಿ. ಬಳಕೆಯಾದ ಇಟ್ಟಿಗೆಗಳು 31.8 ಕೋಟಿ. ಸುರಂಗಗಳ ಅಡ್ಡಕೊಯ್ತ ಹಲವೆಡೆ ಮೊಟ್ಟೆಯಾಕಾರದ್ದು. ಕಿರಿದಾದ ತುದಿ ಕೆಳಗೆ. ಹರಿವು ಕಡಿಮೆಯಿದ್ದಾಗಲೂ ಕಿರಿದಾದ ತಳದಲ್ಲಿ ನೀರು ಬಿರುಸಾಗಿ ಸಾಗಿ ಗಸಿಯನ್ನು ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಅದರ ಮರ್ಮ. ಗಾರೆಗೆ ಅಂದು ಹೊಸದಾಗಿದ್ದ ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಆರಿಸಿಕೊಂಡದ್ದು ದಿಟ್ಟ ತೀರ್ಮಾನ. ಸುಡುವ ಹದ ತಪ್ಪಿದರೆ ಆ ಸಿಮೆಂಟು ಕೈಕೊಡುತ್ತಿತ್ತು. ಆದುದರಿಂದ ಪೂರೈಕೆಯಾದ ಸಿಮೆಂಟನ್ನು ಬಳಸುವ ಮೊದಲು ಕಡ್ಡಾಯವಾಗಿ ಬಲಪರೀಕ್ಷೆಗೆ ಒಳಪಡಿಸುವ ಕಟ್ಟುನಿಟ್ಟಿನ ಪದ್ಧತಿ ಜಾರಿಗೆ ಬಂತು. ನೀರಿನಡಿಯಲ್ಲೂ ಗಟ್ಟಿಗೊಳ್ಳುವ ಆ ಗಾರೆಯ ಸುರಂಗಗಳು ಇಂದಿಗೂ ಲಂಡನ್ನಿನ ಒಳಚರಂಡಿಯ ಬೆನ್ನೆಲುಬಾಗಿವೆ.

ಕೊಳಚೆ ಎತ್ತುವ ಯಂತ್ರಗಳ ಮನೆಗಳನ್ನು ಸಹ ದೇಗುಲಗಳಂತೆ ಕಟ್ಟಿಸಿದ್ದು ಆ ಕಾಲದ ಮನೋಧರ್ಮ. ವಾಸ್ತುಶಿಲ್ಪಿ ಚಾರ್ಲ್ಸ್ ಡ್ರೈವರ್ ಅವರ ಸಹಕಾರದಲ್ಲಿ ನಿರ್ಮಾಣಗೊಂಡ ಕ್ರಾಸ್‌ನೆಸ್ ಪಂಪಿಂಗ್ ಸ್ಟೇಷನ್‌ನ ಒಳಾಂಗಣದಲ್ಲಿ ಎರಕದ ಕಬ್ಬಿಣದ ಹೂಬಳ್ಳಿಗಳು ಬಣ್ಣ ತುಂಬಿಕೊಂಡು ನಿಂತಿವೆ. 1865ರ ಏಪ್ರಿಲ್ 4ರಂದು ಯುವರಾಜ ಎಡ್ವರ್ಡ್ ಅದನ್ನು ಉದ್ಘಾಟಿಸಿದರು. ಅಲ್ಲಿನ ನಾಲ್ಕು ಬೃಹತ್ ಉಗಿಯಂತ್ರಗಳಿಗೆ ರಾಜಮನೆತನದವರ ಹೆಸರುಗಳನ್ನೇ ಇಡಲಾಗಿತ್ತು. 1868ರಲ್ಲಿ ಪೂರ್ಣಗೊಂಡ ಆಬಿ ಮಿಲ್ಸ್ ಸ್ಟೇಷನ್ ದೂರದಿಂದ ನೋಡಿದವರಿಗೆ ಪೂರ್ವದೇಶದ ಇಗರ್ಜಿಯಂತೆ ಕಾಣುತ್ತದೆ.

ನದಿಯನ್ನು ಒತ್ತರಿಸಿದ ದಂಡೆ

ಉತ್ತರದಂಡೆಯ ತಗ್ಗಿನ ಸುರಂಗಕ್ಕೆ ಮಾತ್ರ ಜಾಗವಿರಲಿಲ್ಲ. ಅದು ಹಾಯಬೇಕಾದ ಸ್ಟ್ರ್ಯಾಂಡ್ ಬೀದಿ ನಗರದ ಅತಿ ದಟ್ಟಣೆಯ ಬೀದಿಗಳಲ್ಲೊಂದು. ಅದನ್ನು ಅಗೆದರೆ ವ್ಯಾಪಾರವೆಲ್ಲ ಸ್ತಬ್ಧ. ಆದುದರಿಂದ ಬ್ಯಾಜಲ್‌ಜೆಟ್ ನದಿಯೊಳಕ್ಕೇ ಸರಿದರು. ನದಿಯಲ್ಲಿ ನೀರುತಡೆಗಳನ್ನು ನಿರ್ಮಿಸಿ, ಒಳಗಿನ ನೀರು ಬಸಿದು, ಗ್ರಾನೈಟ್ ಗೋಡೆ ಎಬ್ಬಿಸಿ, ಅದರ ಹಿಂದಿನ ಜಾಗದಲ್ಲಿ ಸುರಂಗ ಕಟ್ಟಿ ಮಣ್ಣು ತುಂಬಿಸಿದರು. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಹುಟ್ಟಿದ್ದು ಹೀಗೆ.

ಒಂದೇ ಕಟ್ಟೋಣದಲ್ಲಿ ಹಲವು ಕೆಲಸ ಸಾಧಿಸಿದ್ದು ಅವರ ಜಾಣ್ಮೆ. ತಳದಲ್ಲಿ ಕೊಳಚೆಯ ಸುರಂಗ, ಅದರ ಮೇಲೆ ಅನಿಲ ಮತ್ತು ನೀರಿನ ಕೊಳವೆಗಳಿಗೆ ಪ್ರತ್ಯೇಕ ಓಣಿ, ಪಕ್ಕದಲ್ಲಿ ಭೂಗತ ರೈಲುಮಾರ್ಗ, ಇವೆಲ್ಲದರ ಮೇಲೆ 100 ಅಡಿ ಅಗಲದ ರಸ್ತೆ. 1864ರಲ್ಲಿ ಆರಂಭವಾದ ಕೆಲಸ, ರೈಲು ಕಂಪನಿಯ ಹಣದ ಮುಗ್ಗಟ್ಟಿನಿಂದ ನಡುವೆ ನಿಧಾನಗೊಂಡು, 1870ರ ಜುಲೈ 13ರಂದು ಸಾರ್ವಜನಿಕರಿಗೆ ತೆರೆದುಕೊಂಡಿತು. ಎದುರು ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅದಕ್ಕೂ ಮೊದಲೇ ಮುಗಿದಿತ್ತು. ಚೆಲ್ಸಿ ಎಂಬ್ಯಾಂಕ್‌ಮೆಂಟ್ 1874ರಲ್ಲಿ ಪೂರ್ಣಗೊಂಡಿತು. ಮೂರೂ ಸೇರಿ ನದಿಯಿಂದ ಪಡೆದ ನೆಲ 52 ಎಕರೆ.

ನಗರದ ಮುಖ ಆಗ ಬದಲಾಯಿತು. ಹಿಂದೆ ಸಾಮರ್‌ಸೆಟ್ ಹೌಸ್ ಎಂಬ ಭವ್ಯ ಭವನದ ಕಮಾನಿನೊಳಕ್ಕೇ ದೋಣಿಗಳು ನುಗ್ಗುತ್ತಿದ್ದವು. ಈಗ ಅದರ ಮುಂದೆ ರಸ್ತೆ ಹರಿಯುತ್ತದೆ. 17ನೆಯ ಶತಮಾನದಲ್ಲಿ ಯಾರ್ಕ್ ಹೌಸ್ ಅರಮನೆಯವರು ದೋಣಿ ಏರಲು ಕಟ್ಟಿಸಿದ್ದ ಕಲ್ಲಿನ ದ್ವಾರ ಇಂದು ನೀರಿನಿಂದ ನೂರು ಮೀಟರಿಗೂ ದೂರದಲ್ಲಿ, ಉದ್ಯಾನದ ನಡುವೆ ಒಂಟಿಯಾಗಿ ನಿಂತಿದೆ. ನದಿ ಮೊದಲು ಎಲ್ಲಿಯವರೆಗೆ ಇತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೊಸ ನೆಲದ ಮೇಲೆ ಕಚೇರಿಗಳನ್ನು ಕಟ್ಟಿಸಿ ಹಣ ಮಾಡುವ ಹವಣಿಕೆಯನ್ನು ಸರ್ಕಾರ ನಡೆಸಿತ್ತು. ಸಂಸತ್ ಸದಸ್ಯ ಡಬ್ಲ್ಯೂ. ಎಚ್. ಸ್ಮಿತ್ ಮೊದಲಾದವರು ಅದನ್ನು ವಿರೋಧಿಸಿದ್ದರಿಂದ ಜಾಗ ಉದ್ಯಾನವಾಗಿ ಉಳಿಯಿತು. ದೀಪಸ್ತಂಭಗಳ ವಿನ್ಯಾಸ ಮಂಡಳಿಯ ವಾಸ್ತುಶಿಲ್ಪಿ ಜಾರ್ಜ್ ವುಲಿಯಾಮಿ ಅವರದು. 1878ರಲ್ಲಿ ಇದೇ ದಂಡೆಯ ಮೇಲೆ ವಿದ್ಯುದ್ದೀಪಗಳು ಬೆಳಗಿದ್ದವು.

ಆದರೆ ದಂಡೆಯ ಸೊಬಗಿಗೆ ತಮ್ಮ ನೆಲೆಯನ್ನೇ ಬಿಟ್ಟುಕೊಟ್ಟವರೂ ಇದ್ದರು. ಲ್ಯಾಂಬೆತ್ ತೀರದಲ್ಲಿ ದೋಣಿ ಕಟ್ಟುತ್ತಿದ್ದವರು, ನದಿಯನ್ನೇ ನಂಬಿದ್ದ ಸಣ್ಣಪುಟ್ಟ ಕಸುಬಿನವರು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗಾಗಿ ಜಾಗ ಖಾಲಿ ಮಾಡಬೇಕಾಯಿತು. ಅದೇ ದಂಡೆಯ ಒಂದು ಭಾಗದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ 1871ರಲ್ಲಿ ತಲೆಯೆತ್ತಿತು.

ಸುಂಕವಿಲ್ಲದ ಸೇತುವೆಗಳು

ದಂಡೆಗಳು ಮುಗಿದ ಮೇಲೆ ಸೇತುವೆಗಳ ಸರದಿ. ಥೇಮ್ಸ್ ನದಿಯ ಹಲವು ಸೇತುವೆಗಳು ಖಾಸಗಿ ಕಂಪನಿಗಳ ಸ್ವತ್ತಾಗಿದ್ದವು. ನಡೆದು ದಾಟುವ ಕೂಲಿಕಾರನೂ ಪ್ರತಿ ಸಲ ಸುಂಕ ತೆರಬೇಕಿತ್ತು. ಹೋಗಿ ಬರುವುದಕ್ಕೆ ಎರಡು ಪಾಲು. 1877ರ ಕಾನೂನು ಈ ಸೇತುವೆಗಳನ್ನು ಕೊಂಡುಕೊಳ್ಳುವ ಅಧಿಕಾರವನ್ನು ಮಂಡಳಿಗೆ ಕೊಟ್ಟಿತು. 1878ರಲ್ಲಿ ವಾಟರ್ಲೂ ಸೇತುವೆ ಸುಂಕಮುಕ್ತವಾಯಿತು. 1879ರ ಮೇ 24ರಂದು ಲ್ಯಾಂಬೆತ್, ವಾಕ್ಸ್‌ಹಾಲ್, ಚೆಲ್ಸಿ, ಆಲ್ಬರ್ಟ್ ಮತ್ತು ಬ್ಯಾಟರ್‌ಸಿ ಸೇತುವೆಗಳು, 1880ರ ಜೂನ್ 26ರಂದು ವಾಂಡ್ಸ್‌ವರ್ತ್, ಪಟ್ನಿ ಮತ್ತು ಹ್ಯಾಮರ್‌ಸ್ಮಿತ್ ಸೇತುವೆಗಳು ಎಲ್ಲರಿಗೂ ಬಿಟ್ಟಿಯಾದವು.

ಕೈಗೆ ಬಂದ ಸೇತುವೆಗಳನ್ನು ಪರೀಕ್ಷಿಸಿದಾಗ ಅವುಗಳ ನಿಜಸ್ಥಿತಿ ಹೊರಬಿತ್ತು. ವಾಟರ್ಲೂ ಸೇತುವೆಯ ಅಡಿಪಾಯವನ್ನು ಹರಿವು ಕೊರೆದಿತ್ತು. 1873ರಲ್ಲಷ್ಟೇ ತೆರೆದಿದ್ದ ಆಲ್ಬರ್ಟ್ ಸೇತುವೆಯ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದಿತ್ತು. ಮೊದಲನೆಯದರ ಅಡಿಪಾಯವನ್ನು ಭದ್ರಪಡಿಸಲಾಯಿತು. ಎರಡನೆಯದಕ್ಕೆ ಉಕ್ಕಿನ ಸರಪಳಿಗಳನ್ನು ತೊಡಿಸಲಾಯಿತು. ಮೂರು ಕಡೆ ಹೊಸ ಸೇತುವೆಯೇ ಅನಿವಾರ್ಯವಾಯಿತು.

ಪಟ್ನಿಯಲ್ಲಿ 1729ರ ಮರದ ಸೇತುವೆಯ ಜಾಗದಲ್ಲಿ ಐದು ಕಮಾನುಗಳ ಗ್ರಾನೈಟ್ ಸೇತುವೆ ಎದ್ದಿತು. 1886ರ ಮೇ 29ರಂದು ಬಳಕೆಗೆ ಬಂತು. ಹ್ಯಾಮರ್‌ಸ್ಮಿತ್‌ನಲ್ಲಿದ್ದದ್ದು ಥೇಮ್ಸ್ ನದಿಯ ಮೊದಲ ತೂಗುಸೇತುವೆ; 1827ರಲ್ಲಿ ವಿಲಿಯಂ ಟಿಯರ್ನಿ ಕ್ಲಾರ್ಕ್ ಕಟ್ಟಿದ್ದು. 1870ರ ದೋಣಿ ಪಂದ್ಯದ ದಿನ ಸುಮಾರು 12,000 ಜನ ಅದರ ಮೇಲೆ ಒತ್ತೊತ್ತಾಗಿ ನಿಂತಾಗ ಅದು ಎಲ್ಲಿ ಕುಸಿದೀತೋ ಎಂಬ ಭಯ ಹುಟ್ಟಿತ್ತು. ಬ್ಯಾಜಲ್‌ಜೆಟ್ ಹಳೆಯ ಕಂಬಗಳ ತಳಹದಿಯನ್ನು ಉಳಿಸಿಕೊಂಡು, ಅದರ ಮೇಲೆ ಅಲಂಕೃತ ಗೋಪುರಗಳ ಹೊಸ ತೂಗುಸೇತುವೆಯನ್ನು 1887ರಲ್ಲಿ ಮುಗಿಸಿದರು. ಖರ್ಚು ಉಳಿಯಿತು; ಆದರೆ ಸೇತುವೆಯ ಅಗಲ ಹಳೆಯ ಕಂಬಗಳ ಅಳತೆಗೆ ಸೀಮಿತವಾಯಿತು. ಬಸ್ಸು, ಲಾರಿಗಳ ಯುಗವನ್ನು ಅದು ಕಷ್ಟದಿಂದಲೇ ದಾಟಿತು. ಎರಕದ ಕಬ್ಬಿಣದ ಪೀಠಗಳಲ್ಲಿ ಬಿರುಕು ಕಂಡುಬಂದ ಕಾರಣ 2019ರ ಏಪ್ರಿಲ್‌ನಲ್ಲಿ ಅದನ್ನು ಮೋಟಾರು ವಾಹನಗಳಿಗೆ ಮುಚ್ಚಲಾಯಿತು. ಮೂರನೆಯದಾದ ಬ್ಯಾಟರ್‌ಸಿ ಸೇತುವೆ 1890ರಲ್ಲಿ ಸಿದ್ಧವಾಯಿತು. ಟವರ್ ಬ್ರಿಡ್ಜ್‌ಗೂ ಬ್ಯಾಜಲ್‌ಜೆಟ್ ವಿನ್ಯಾಸ ಸಲ್ಲಿಸಿದ್ದುಂಟು. ಹಡಗುಗಳು ಹಾಯಲು ಎತ್ತರ ಸಾಲದೆಂದು ಅದು ತಿರಸ್ಕೃತವಾಯಿತು.

ಕೆಳಹರಿವಿನ ಕಣ್ಣೀರು

ಯೋಜನೆಯ ನಿಜವಾದ ಪರೀಕ್ಷೆ ನಡೆದದ್ದು 1866ರಲ್ಲಿ. ಆ ವರ್ಷ ಕಾಲರಾ ಮತ್ತೆ ಬಂತು. ಪೂರ್ವ ಲಂಡನ್ನಿನಲ್ಲಿ 5,596 ಮಂದಿಯನ್ನು ಬಲಿ ತೆಗೆದುಕೊಂಡಿತು. ಹೊಸ ಸುರಂಗ ಇನ್ನೂ ಪೂರ್ಣಗೊಳ್ಳದೆ ಉಳಿದಿದ್ದ ಭಾಗವೇ ಅದು. ಅಲ್ಲಿನ ಜನರಿಗೆ ಪೂರೈಕೆಯಾಗುತ್ತಿದ್ದ ನೀರು ಕಲುಷಿತವಾಗಿತ್ತೆಂಬುದು ತನಿಖೆಯಿಂದ ಬಯಲಾಯಿತು. ಡಾ. ಸ್ನೋ ಹೇಳಿದ್ದೇ ನಿಜವಾಗಿತ್ತು. ಅದನ್ನು ಕೇಳಲು ಅವರಿರಲಿಲ್ಲ, 1858ರಲ್ಲೇ ತೀರಿಕೊಂಡಿದ್ದರು. ಜಾಲ ಪೂರ್ಣಗೊಂಡ ಮೇಲೆ ಲಂಡನ್ ಮತ್ತೆಂದೂ ಕಾಲರಾ ಪಿಡುಗನ್ನು ಕಾಣಲಿಲ್ಲ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಕಾಲರಾದಿಂದ ತತ್ತರಿಸಿದಾಗಲೂ ಲಂಡನ್ ಸುರಕ್ಷಿತವಾಗಿತ್ತು.

ಆದರೆ ಕೊಳಚೆ ಮಾಯವಾಗಿರಲಿಲ್ಲ. ಜಾಗ ಬದಲಿಸಿತ್ತು, ಅಷ್ಟೆ. ಯಾವ ಸಂಸ್ಕರಣೆಯೂ ಇಲ್ಲದೆ ಅದು ಬೆಕ್‌ಟನ್ ಮತ್ತು ಕ್ರಾಸ್‌ನೆಸ್‌ಗಳಲ್ಲಿ ನದಿಗೇ ಬೀಳುತ್ತಿತ್ತು. ಪಕ್ಕದ ಬಾರ್ಕಿಂಗ್ ನಿವಾಸಿಗಳು ದೂರಿದರು. ಅಲ್ಲಿನ ಹೂಳಿಗೂ ತಮ್ಮ ಸುರಂಗಗಳಿಗೂ ಸಂಬಂಧವಿಲ್ಲವೆಂದು ಮಂಡಳಿಯೂ ಬ್ಯಾಜಲ್‌ಜೆಟ್ ಅವರೂ ವಾದಿಸಿದರು. 1878ರ ಸೆಪ್ಟೆಂಬರ್ 3ರ ಸಂಜೆ ವಿಹಾರ ಮುಗಿಸಿ ಹಿಂದಿರುಗುತ್ತಿದ್ದ ಪ್ರಿನ್ಸೆಸ್ ಆಲಿಸ್ ಎಂಬ ಉಗಿದೋಣಿ, ಬೈವೆಲ್ ಕಾಸಲ್ ಎಂಬ ಕಲ್ಲಿದ್ದಲು ಹಡಗಿಗೆ ಡಿಕ್ಕಿಯಾಗಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು 600ಕ್ಕೂ ಹೆಚ್ಚು. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಕೊಳಚೆಯನ್ನು ಹೊರಬಿಟ್ಟಿದ್ದ ಜಾಗಕ್ಕೆ ಸಮೀಪದಲ್ಲೇ ಅವರು ನೀರಿಗೆ ಬಿದ್ದಿದ್ದರು. ಈಜು ಬಲ್ಲವರೂ ಆ ವಿಷನೀರಿಗೆ ಬಲಿಯಾದರೆಂಬ ಆಕ್ರೋಶ ಎದ್ದಿತು. ರಾಜಾಯೋಗ ನೇಮಕಗೊಂಡು, ಘನಪದಾರ್ಥವನ್ನು ಬೇರ್ಪಡಿಸದೆ ಕೊಳಚೆ ಬಿಡಕೂಡದೆಂದು 1884ರಲ್ಲಿ ವರದಿ ಕೊಟ್ಟಿತು. ಸಂಸ್ಕರಣೆ ಆರಂಭವಾಗಿ, 1887ರಿಂದ ಗಸಿಯನ್ನು ಹಡಗುಗಳಲ್ಲಿ ಒಯ್ದು ಸಮುದ್ರಕ್ಕೆ ಸುರಿಯಲಾಯಿತು. ಈ ಪದ್ಧತಿ ನಿಂತದ್ದು 1998ರಲ್ಲಿ. ಆ ಕೆಲಸಕ್ಕಿಳಿದ ಮೊದಲ ಹಡಗಿನ ಹೆಸರು ಬ್ಯಾಜಲ್‌ಜೆಟ್ ಎಂದೇ ಇತ್ತು.

ಕೊನೆಯ ದಿನಗಳು

ಗೌರವಗಳು ಬಂದವು. 1875ರಲ್ಲಿ ಸರ್ ಪದವಿ, 1883-84ರಲ್ಲಿ ಬ್ರಿಟನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷತೆ. ಚೇರಿಂಗ್ ಕ್ರಾಸ್ ರಸ್ತೆ, ಶಾಫ್ಟ್ಸ್‌ಬರಿ ಅವೆನ್ಯೂ ಮುಂತಾದ ಹೊಸ ಬೀದಿಗಳೂ ಅವರ ಕಾಲದಲ್ಲೇ ಮೂಡಿದವು. 1888ರಲ್ಲಿ ಮಂಡಳಿಯ ಕೆಲವರ ಭ್ರಷ್ಟಾಚಾರ ಬಯಲಿಗೆ ಬಂದು ರಾಜಾಯೋಗದ ತನಿಖೆ ನಡೆದಾಗ, ಕೋಟ್ಯಂತರ ಇಟ್ಟಿಗೆಗಳ ಲೆಕ್ಕ ನೋಡಿದ್ದ ಮುಖ್ಯ ಎಂಜಿನಿಯರ್ ಮೇಲೆ ಕಳಂಕದ ಸೋಂಕೂ ತಟ್ಟಲಿಲ್ಲ. 1889ರಲ್ಲಿ ಮಂಡಳಿ ರದ್ದಾಗಿ ಲಂಡನ್ ಕೌಂಟಿ ಕೌನ್ಸಿಲ್ ಬಂದಾಗ ಬ್ಯಾಜಲ್‌ಜೆಟ್ ನಿವೃತ್ತರಾದರು. 1891ರ ಮಾರ್ಚ್ 15ರಂದು ವಿಂಬಲ್ಡನ್‌ನ ಮನೆಯಲ್ಲಿ ಕೊನೆಯುಸಿರೆಳೆದರು.

1901ರಲ್ಲಿ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನ ಗೋಡೆಯ ಮೇಲೆ ಸ್ಥಾಪನೆಯಾದ ಬ್ಯಾಜಲ್‌ಜೆಟ್ ಸ್ಮಾರಕ ಚಿಕ್ಕದು. ನದಿಗೆ ಸಂಕೋಲೆ ತೊಡಿಸಿದವರೆಂದು ಅದರ ಲ್ಯಾಟಿನ್ ಬರಹ ಅವರನ್ನು ಬಣ್ಣಿಸುತ್ತದೆ. ಎದುರಿನ ರಸ್ತೆಯಲ್ಲಿ ಓಡುವ ಸಾವಿರಾರು ವಾಹನಗಳಲ್ಲಿ ಅದನ್ನು ಗಮನಿಸುವವರು ಕಡಿಮೆ.

ಬ್ಯಾಜಲ್‌ಜೆಟ್ ಕಟ್ಟಿದ ಜಾಲದಲ್ಲಿ ಮಳೆನೀರೂ ಮಲನೀರೂ ಒಂದೇ ಸುರಂಗದಲ್ಲಿ ಹರಿಯುತ್ತವೆ. ಸುರಂಗ ತುಂಬಿದರೆ ಹೆಚ್ಚಾದದ್ದು ನದಿಗೆ ಚೆಲ್ಲಬೇಕು, ಇಲ್ಲವಾದರೆ ಮನೆಗಳೊಳಗೆ ಉಕ್ಕಬೇಕು. ನಗರ ನಾಲ್ಕು ಪಟ್ಟು ಬೆಳೆದಾಗ ಅಲ್ಪ ಮಳೆಗೂ ಹೀಗಾಗತೊಡಗಿತು. ಇದನ್ನು ತಡೆಯಲು ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಥೇಮ್ಸ್ ಟೈಡ್‌ವೇ ಸುರಂಗ ನಿರ್ಮಾಣವಾಗಿ, 2025ರಲ್ಲಿ ಪೂರ್ಣವಾಗಿ ಬಳಕೆಗೆ ಬಂತು. ಹಳೆಯ ಸುರಂಗಗಳನ್ನು ಅದು ಬದಲಿಸಿಲ್ಲ, ಅವುಗಳಿಂದ ಚೆಲ್ಲಿದ್ದನ್ನು ಹಿಡಿದುಕೊಳ್ಳುತ್ತದೆ. ಅದರ ಕಾಮಗಾರಿಗಾಗಿ ಬ್ಲ್ಯಾಕ್‌ಫ್ರಯರ್ಸ್ ಬಳಿ ನದಿಯಿಂದ ಮತ್ತೊಮ್ಮೆ ಒಂದಿಷ್ಟು ನೆಲ ಪಡೆಯಲಾಯಿತು. ಆ ನೆಲಕ್ಕೆ ಇಟ್ಟಿರುವ ಹೆಸರು ಬ್ಯಾಜಲ್‌ಜೆಟ್ ಎಂಬ್ಯಾಂಕ್‌ಮೆಂಟ್.